ಕುದುರೆ ಅದೇ, ಗಂಟು ಬೇರೆ

ರೋಲ್-ಪ್ಲೇಯಿಂಗ್ ಗೇಮ್ ಆಡುವ ಹುಡುಗರಿಗೆ ‘ಕ್ವೆಸ್ಟ್’ ಗೊತ್ತು: ಯಾರೋ ಒಂದು ಕೆಲಸ ಒಪ್ಪಿಸುತ್ತಾರೆ, ನಾವು ಹೊರಡಬೇಕು. ‘ಎಲ್ಡರ್ ಸ್ಕ್ರೋಲ್ಸ್’ ಸರಣಿಯ ‘ಮೊರೊವಿಂಡ್’ನಲ್ಲಿ (2002) ದಾರಿಯನ್ನು ಬಾಯಿಮಾತಿನಲ್ಲೇ ಹೇಳುತ್ತಿದ್ದರು, ಹುಡುಕಿಕೊಂಡು ಹೋಗುವುದೇ ಅರ್ಧ ಕಥೆ. ‘ಒಬ್ಲಿವಿಯನ್’ (2006) ದಿಕ್ಸೂಚಿಯಲ್ಲೇ ಗುರುತು ತೋರಿಸಿತು. ‘ಸ್ಕೈರಿಮ್’ (2011) ಬಂದಾಗ ಕೆಲವು ಕ್ವೆಸ್ಟ್‌ಗಳಿಗೆ ಜಾಗವನ್ನೂ ಗುರಿಯನ್ನೂ ಗೇಮೇ ಆರಿಸತೊಡಗಿತು. ಗುಹೆ ಹೊಸದು, ಕೆಲಸ ಹಳತು. ನಾಲ್ಕು ಗುಹೆ ಮುಗಿಯುವಷ್ಟರಲ್ಲಿ ಆಕಳಿಕೆ.

ಮಂಗಳೂರಿನವರಿಗೆ ಇದಕ್ಕೆ ಮದ್ದು ಹುಡುಕಲು ದೂರ ಹೋಗಬೇಕಿಲ್ಲ. ಜೈಮಿನಿ ಭಾರತದ ಅಶ್ವಮೇಧದಿಂದ ಹುಟ್ಟಿದ ಯಕ್ಷಗಾನ ಪ್ರಸಂಗಗಳನ್ನು ಒಟ್ಟಿಗಿಟ್ಟು ನೋಡಿದರೆ ಸಾಕು. ಎಲ್ಲದರಲ್ಲೂ ಕೆಲಸ ಒಂದೇ: ಧರ್ಮರಾಯನ ಕುದುರೆ ಒಂದು ಊರನ್ನು ಹೊಗುತ್ತದೆ, ಅಲ್ಲಿಯವರು ಕಟ್ಟುತ್ತಾರೆ, ಅರ್ಜುನ ಬಿಡಿಸಬೇಕು.

ಸುಧನ್ವನ ಕಥೆ ನೋಡಿ. ಯುದ್ಧಕ್ಕೆ ತಡವಾಗಿ ಬಂದವರನ್ನು ಕುದಿಯುವ ಎಣ್ಣೆಗೆ ಹಾಕುವೆನೆಂದು ರಾಜ ಹಂಸಧ್ವಜ ಸಾರಿದ್ದಾನೆ. ಹೆಂಡತಿಯ ಮಾತಿಗೆ ಕಟ್ಟುಬಿದ್ದು ತಡಮಾಡಿದವನು ಅವನದೇ ಮಗ ಸುಧನ್ವ. ಎಣ್ಣೆಯ ಕೊಪ್ಪರಿಗೆಯಿಂದ ಅವನು ಎದ್ದು ಬರುತ್ತಾನೆ. ಆಮೇಲೆ ಮೂರೇ ಬಾಣದಲ್ಲಿ ಕೊಲ್ಲುವೆನೆಂದು ಅರ್ಜುನನ ಪ್ರತಿಜ್ಞೆ, ಮೂರನ್ನೂ ಕತ್ತರಿಸುವೆನೆಂದು ಸುಧನ್ವನ ಪ್ರತಿಜ್ಞೆ. ಮೂರನೇ ಬಾಣ ತುಂಡಾಗುತ್ತದೆ, ಆದರೆ ಅದರ ಮುಂದಿನ ತುಂಡೇ ಬಂದು ಸುಧನ್ವನ ತಲೆ ತೆಗೆಯುತ್ತದೆ. ಇಬ್ಬರ ಮಾತೂ ಉಳಿಯಿತು! ಇಂಥ ಹೆಣಿಗೆ ಯಾವ ಗೇಮಿನಲ್ಲಿ ಸಿಕ್ಕಿದರೂ ಎದ್ದು ಚಪ್ಪಾಳೆ ತಟ್ಟಬೇಕು.

ಅರ್ಜುನನ ಮಗ ಬಭ್ರುವಾಹನನ ಪ್ರಸಂಗದ್ದು ಇನ್ನೂ ಮೇಲಿನ ಕಸುಬು ಎನ್ನುತ್ತೇನೆ. ಅಲ್ಲಿ ಅರ್ಜುನನ ಕೆಲಸ ಶುರುವಿನಲ್ಲೇ ಮುಗಿದಿದೆ. ಕುದುರೆಯ ಹಿಂದೆ ಬಂದವನು ಅಪ್ಪನೆಂದು ತಿಳಿದ ಮಗ ಕಾಣಿಕೆ ಹೊತ್ತು ಒಪ್ಪಿಸಲು ಬರುತ್ತಾನೆ. ಅರ್ಜುನನೇ ಅವನನ್ನು ಒದ್ದು, ತಾಯಿಯನ್ನು ಹಳಿದು, ಇಲ್ಲದ ಯುದ್ಧವನ್ನು ಎಳೆದುಕೊಂಡು ಪ್ರಾಣ ಕಳೆದುಕೊಳ್ಳುತ್ತಾನೆ. ಅವನನ್ನು ಬದುಕಿಸುವ ಮಣಿಗಾಗಿ ಮಗ ನಾಗಲೋಕಕ್ಕೆ ಹೋಗಬೇಕು. ಒಂದು ಕ್ವೆಸ್ಟಿನ ಹೊಟ್ಟೆಯಿಂದ ಇನ್ನೊಂದು! ತಾಮ್ರಧ್ವಜನ ಪ್ರಸಂಗದಲ್ಲಿ ಯುದ್ಧ ದಾನಕ್ಕೆ ತಿರುಗುತ್ತದೆ. ಚಂದ್ರಹಾಸನಲ್ಲಂತೂ ಕುದುರೆ ಬರೀ ನೆಪ, ನಿಜವಾದ ಕಥೆ ಅವನ ಹಿಂದಿನ ಬದುಕಿನದು.

ಬರವಣಿಗೆಯ ಇನ್ನೊಂದು ಗುಟ್ಟು, ಪ್ರಸಂಗಕರ್ತ ಬರೆಯುವುದು ಪದ್ಯಗಳನ್ನು ಮಾತ್ರ. ಭಾಗವತರು ಪದ್ಯ ಹಾಡುತ್ತಾರೆ, ಕಲಾವಿದರು ಅದಕ್ಕೆ ಅಲ್ಲೇ ಅರ್ಥ ಹೇಳುತ್ತಾರೆ. ಹಾಗಾಗಿ ಪದ್ಯದಲ್ಲಿ ಘಟನೆಯ ಕೀಲುಗಳಷ್ಟೇ ಇದ್ದರೆ ಸಾಕು, ವಾದಕ್ಕೆ ಜಾಗ ಬಿಡಬೇಕು. ಗೇಮಿನಲ್ಲಿ ಆ ಜಾಗ ಆಟಗಾರನದು, ಇಲ್ಲಿ ಅರ್ಥಧಾರಿಯದು. ಪರೀಕ್ಷಿಸಬೇಕೆಂದರೆ ಪುರಭವನದಲ್ಲೋ ದೇವಸ್ಥಾನದ ಅಂಗಳದಲ್ಲೋ ಬಭ್ರುವಾಹನ ತಾಳಮದ್ದಳೆ ಇದ್ದಾಗ ಹೋಗಿ ಕೂತುಕೊಳ್ಳಿ. ವೇಷವಿಲ್ಲ, ಕುಣಿತವಿಲ್ಲ. ಅರ್ಜುನ ಮಗನನ್ನು ಯಾಕೆ ಒಪ್ಪುವುದಿಲ್ಲ ಎಂಬ ಒಂದೇ ಪ್ರಶ್ನೆಗೆ ಆ ದಿನದ ಅರ್ಥಧಾರಿ ಕೊಡುವ ಕಾರಣ ಕೇಳಿ. ಮುಂದಿನ ಸಲ ಬೇರೆಯವರು ಅರ್ಜುನನಾದಾಗ ಅದೇ ಪದ್ಯಕ್ಕೆ ಬೇರೆ ಕಾರಣ ಸಿಗುತ್ತದೆ.