ಟ್ರ್ಯಾಕ್ಟರಿನ ಬೆನ್ನಿಗೊಂದು ಗರಗಸದ ಗೂಡು

ಗಾಳಿಮಳೆ ಬಂತೆಂದರೆ ತೀರ್ಥಹಳ್ಳಿ-ಆಗುಂಬೆ ಕಡೆಯ ಬಸ್ಸಿನವರಿಗೆ ಗೊತ್ತೇ ಇದೆ: ರಸ್ತೆಗೆ ಅಡ್ಡ ಮರ, ಹಿಂದೆ ಬಸ್ಸುಗಳ ಸಾಲು. ಇಂಥ ಹೊತ್ತಿಗೆ ಅಡಿಕೆ ತೋಟದ ಪುಟ್ಟ ಟ್ರ್ಯಾಕ್ಟರು ಚೈನ್ ಗರಗಸ ಹೊತ್ತು ಬಂದರೆ ದಾರಿ ತೆರವಾದಂತೆಯೇ.

ಆದರೆ ಅದು ಬರುವ ಬಗೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಒಬ್ಬ ಮಡ್‌ಗಾರ್ಡ್ ಮೇಲೆ ಕೂತು ತೊಡೆ ಮೇಲಿಟ್ಟುಕೊಂಡಿರುತ್ತಾನೆ. ಇಲ್ಲವೇ 5-6 ಕಿಲೋ ತೂಕದ ಗರಗಸ ಡ್ರೈವರನ ಕಾಲಬುಡದಲ್ಲಿ, ಬ್ರೇಕಿನ ಪಕ್ಕ ಹೊರಳಾಡುತ್ತಿರುತ್ತದೆ. ಒಂದು ಚಕ್ರ ಗುಂಡಿಗೆ ಬಿದ್ದರೆ ಗತಿಯೇನು?

ಪರಿಹಾರ ದೊಡ್ಡದೇನಲ್ಲ. ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಆಗುವ ಕೆಲಸ. ಗುಜರಿಯ ಆಂಗಲ್ ಕಬ್ಬಿಣದ ನಾಲ್ಕು ತುಂಡು, ಗರಗಸ ಕೂರುವಷ್ಟು ತಟ್ಟೆ, ಅದಕ್ಕೆ ಹಳೇ ಟೈರಿನ ಹಾಸು. ಎಣ್ಣೆ, ಮಳೆನೀರು ಇಳಿಯಲು ತಟ್ಟೆಗೊಂದು ತೂತು. ಅಲಗು ತೂರಿಸಲು ಎರಡು ಹಲಗೆಗಳ ನಡುವೆ ಸಂದು. ಕಬ್ಬಿಣ ತಾಗಿದರೆ ಹಲ್ಲು ಮೊಂಡಾಗುತ್ತದೆ, ಅಲ್ಲಿ ಮರವೇ ಸರಿ. ಮೇಲೆ ಟ್ಯೂಬಿನ ಪಟ್ಟಿ ಬಿಗಿದರೆ ಎಷ್ಟು ಕುಲುಕಿದರೂ ಜಿಗಿಯದು.

ಕೂರಿಸುವ ಜಾಗ ಮುಖ್ಯ. ಸೈಲೆನ್ಸರಿನಿಂದ ದೂರವಿರಲಿ, ಗರಗಸದ ಹೊಟ್ಟೆಯಲ್ಲಿರುವುದು ಪೆಟ್ರೋಲು. ಡ್ರೈವರ್ ಹತ್ತಿಳಿಯುವ ದಾರಿಗೆ ಅಡ್ಡ ಬೇಡ. ಪಲ್ಟಿಯಾದಾಗ ಜೀವ ಕಾಯುವ ಕಬ್ಬಿಣದ ಚೌಕಟ್ಟಿದ್ದರೆ ಅದಕ್ಕೆ ತೂತು ಕೊರೆಯಬಾರದು, ವೆಲ್ಡಿಂಗೂ ಮಾಡಬಾರದು. ಅದರ ಬಲ ಕುಂದುತ್ತದೆ. ಕ್ಲಾಂಪು ಹಾಕಿ ಬಿಗಿದರೆ ಸಾಕು. ಇನ್ನು, ಎಂಜಿನ್ ಆರಿಸದೆ ಗರಗಸವನ್ನು ಗೂಡಿಗಿಡಲೇಬಾರದು.

ನೂರು ಜನರ ದಾರಿ ಬಿಡಿಸಲು ಹೊರಟವನ ಕಾಲು ಉಳಿಯಬೇಡವೇ?