ಮನೆಯಲ್ಲೇ ಮಾಡೋಣ, ಮನೆಯವರೇ ಆಡೋಣ

ಜೂನ್-ಜುಲೈ ತಿಂಗಳಲ್ಲಿ ನಮ್ಮ ಕಾಸರಗೋಡಿನ ಮಕ್ಕಳು ಆಕಾಶಕ್ಕಿಂತ ಹೆಚ್ಚಾಗಿ ಮೊಬೈಲನ್ನೇ ನೋಡುತ್ತಾರೆ. ನಾಳೆ ಶಾಲೆಗೆ ರಜೆ ಎಂಬ ಕಲೆಕ್ಟರರ ಪ್ರಕಟಣೆ ಬರುವುದು ಅದರಲ್ಲೇ ಅಲ್ಲವೇ? ರಾತ್ರಿ ರಜೆಯ ಸುದ್ದಿ ಕೇಳಿ ಕುಣಿದಾಡಿದವರು ಮರುದಿನ ಬೆಳಗ್ಗೆ ಹತ್ತು ಗಂಟೆಗೆಲ್ಲ "ಬೋರ್ ಆಗ್ತದೆ" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಾರೆ. ಹೊರಗೆ ಧೋ ಎಂದು ಮಳೆ. ಅಂಗಳಕ್ಕೆ ಇಳಿಯುವಂತಿಲ್ಲ. ಕರೆಂಟೂ ಹೋಗಿರುತ್ತದೆ. ಒಲೆಯ ಮೇಲೆ ಅನ್ನ ಕುದಿಯುತ್ತಿರುವಾಗ ತಾಯಿಯಾದರೂ ಏನು ಮಾಡಿಯಾಳು? ತನ್ನ ಮೊಬೈಲನ್ನು ಕೊಟ್ಟುಬಿಡುತ್ತಾಳೆ. ಮನೆ ತಣ್ಣಗಾಗುತ್ತದೆ.

ಆ ತಾಯಿಯನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಅದೇ ಅಡುಗೆಮನೆಯ ಡಬ್ಬಗಳಲ್ಲಿ, ಬಾಗಿಲ ಹಿಂದಿನ ಹಿಡಿಸೂಡಿಯಲ್ಲಿ, ಗೋಡೆಯ ಮೊಳೆಗೆ ನೇತುಬಿದ್ದಿರುವ ಹಳೆಯ ಕ್ಯಾಲೆಂಡರಿನಲ್ಲಿ ಇಡೀ ದಿನಕ್ಕೆ ಸಾಕಾಗುವಷ್ಟು ಆಟ ಇದೆ ಎಂದು ನೆನಪಿಸುವುದಷ್ಟೇ ಉದ್ದೇಶ. ಇನ್ನೊಂದು ಮಾತೂ ಇದೆ. ನಮ್ಮ ಮನೆಗಳಲ್ಲಿ ಅಜ್ಜಿ ಕೊಂಕಣಿಯನ್ನೋ ತುಳುವನ್ನೋ ಆಡುತ್ತಾರೆ, ಓದುವುದು ಕನ್ನಡ. ಮೊಮ್ಮಗ ಕಲಿಯುವುದು ಇಂಗ್ಲಿಷಿನಲ್ಲಿ, ಗೆಳೆಯರೊಡನೆ ಮಲಯಾಳ. ಒಂದೇ ಸೂರಿನಡಿ ಇದ್ದರೂ ಅವರಿಬ್ಬರ ಮಾತು "ಊಟ ಆಯಿತಾ?" ಎಂಬಲ್ಲಿಗೆ ನಿಂತುಬಿಡುತ್ತದೆ. ಅವರಿಬ್ಬರನ್ನು ಎದುರುಬದುರು ಕುಳ್ಳಿರಿಸಲು ಉಪದೇಶದಿಂದ ಆಗದು. ನಡುವೆ ಒಂದು ಆಟ ಬೇಕು.

ಕ್ಯಾಲೆಂಡರಿನ ಮೇಲೆ ಚೆನ್ನೆ

ತುಳುನಾಡಿನ ಚೆನ್ನೆಮಣೆಯನ್ನು ನೀವು ಬಲ್ಲಿರಿ. ಘಟ್ಟದ ಮೇಲೆ ಇದೇ ಅಳಗುಳಿ ಮಣೆ, ತಮಿಳರಲ್ಲಿ ಪಲ್ಲಾಂಕುಳಿ. ಆಫ್ರಿಕದ ಘಾನಾದಲ್ಲಿ ಹನ್ನೆರಡು ಗುಳಿಗಳ ಓವಾರೆ ಎಂಬ ಆಟವಿದೆ. ಒಮಾನಿನಲ್ಲಿ ದುಡಿದು ಬಂದವರು ಅಲ್ಲಿಯ ಹವಾಲಿಸ್ ಎಂಬ ಆಟವನ್ನು ನೋಡಿರಲೂಬಹುದು; ಅದೂ ಇದೇ ಬಳಗದ್ದು. ಮರದ ಮಣೆ ಹಲವು ಮನೆಗಳ ಅಟ್ಟದಿಂದ ಎಂದೋ ಮಾಯವಾಗಿದೆ. ಮಣೆ ಇಲ್ಲವೆಂದು ಕೊರಗಬೇಕಾಗಿಲ್ಲ. ಮಣೆಗೆ ಬೇಕಾದದ್ದು ಎರಡು ಸಾಲು, ಸಾಲಿಗೆ ಏಳು ಮನೆ. ವಾರಕ್ಕೂ ಏಳು ದಿನ! ಹಳೆಯ ಗೋಡೆ ಕ್ಯಾಲೆಂಡರಿನ ಒಂದು ಪುಟ ಹರಿದು ನೆಲದಲ್ಲಿ ಹಾಸಿ, ಅಕ್ಕಪಕ್ಕದ ಎರಡು ವಾರಗಳ ಸುತ್ತ ದಪ್ಪ ಗೆರೆ ಎಳೆಯಿರಿ. ಹದಿನಾಲ್ಕು ಮನೆಗಳ ಚೆನ್ನೆಮಣೆ ಸಿದ್ಧ.

ಕಾಯಿಗಳಾಗಿ ಹುಣಸೆ ಬೀಜ ಸಾಕು. ಸಾರಿಗೆ ಹುಳಿ ಹಿಂಡಿದಾಗ ಉಳಿಯುವ ಬೀಜಗಳನ್ನು ತೊಳೆದು ಒಣಗಿಸಿಡಿ. ಮನೆಗೆ ನಾಲ್ಕರಂತೆ ಒಟ್ಟು 56 ಬೇಕು. ಎಣಿಸಿ ಹಾಕುವ ಕೆಲಸ ಅತಿ ಚಿಕ್ಕವನಿಗೆ, ಅಂದರೆ ಬೀಜವನ್ನು ಬಾಯಿಗೆ ಹಾಕುವ ವಯಸ್ಸು ದಾಟಿದವನಿಗೆ ಇರಲಿ. ಅವನಿಗೆ ಅದೇ ಅರ್ಧ ಆಟ.

ಆಡುವ ಕ್ರಮ ಮನೆಯಿಂದ ಮನೆಗೆ ಸ್ವಲ್ಪ ಬೇರೆ. ಸಾಮಾನ್ಯವಾಗಿ ಹೀಗೆ: ನಿಮ್ಮ ಸಾಲಿನ ಒಂದು ಮನೆಯ ಕಾಯಿಗಳನ್ನೆಲ್ಲ ಎತ್ತಿ, ಬಲಕ್ಕೆ ಹೊರಟು ಮುಂದಿನ ಮನೆಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗಿ. ಸಾಲು ಮುಗಿದರೆ ಎದುರಿನವರ ಸಾಲಿಗೆ ತಿರುಗಿ ಸುತ್ತು ಮುಂದುವರಿಸಿ. ಕೈ ಬರಿದಾದಾಗ ಅದರ ಮುಂದಿನ ಮನೆಯ ಕಾಯಿಗಳನ್ನು ಎತ್ತಿ ಮತ್ತೆ ಹಂಚಿ. ಹಾಗೆ ಎತ್ತಬೇಕಾದ ಮನೆ ಖಾಲಿಯಿದ್ದರೆ, ಅದರಾಚೆಯ ಮನೆಯಲ್ಲಿ ಇದ್ದುದೆಲ್ಲ ನಿಮ್ಮ ಗಳಿಕೆ, ಸರದಿ ಎದುರಿನವರದು. ಎರಡು ಮನೆ ಒಟ್ಟಿಗೆ ಖಾಲಿಯಿದ್ದರೆ ಏನೂ ಸಿಗದೆ ಸರದಿ ಹೋಗುತ್ತದೆ. ಆಟದ ನಡುವೆ ಯಾವುದಾದರೂ ಮನೆಯಲ್ಲಿ ಮತ್ತೆ ಸರಿಯಾಗಿ ನಾಲ್ಕು ಕಾಯಿ ಸೇರಿದರೆ ಆ ಸಾಲಿನವರು ಒಡನೆ ಎತ್ತಿಕೊಳ್ಳುವ ಕ್ರಮವೂ ಕೆಲವು ಮನೆಗಳಲ್ಲಿದೆ. ನಿಮ್ಮಲ್ಲಿ ಯಾವುದು ಎಂದು ಹಿರಿಯರನ್ನೇ ಕೇಳಿ. ಅವರು "ನಮ್ಮಲ್ಲಿ ಹಾಗಲ್ಲ" ಎಂದು ಎದ್ದು ಕುಳಿತರೆ ಕೆಲಸ ಅರ್ಧ ಆದಂತೆ!

ಎರಡನೇ ಸುತ್ತಿನಲ್ಲಿ ಲೆಕ್ಕ ಚುರುಕಾಗುತ್ತದೆ. ಒಬ್ಬರಿಗೆ 33, ಇನ್ನೊಬ್ಬರಿಗೆ 23 ಬಂತೆನ್ನಿ. 23 ಇದ್ದವರು ಐದು ಮನೆಗಳನ್ನಷ್ಟೇ ತುಂಬಿಸಬಲ್ಲರು, ಕೈಯಲ್ಲಿ ಮೂರು ಉಳಿಯುತ್ತದೆ. ತುಂಬದ ಎರಡು ಮನೆಗಳು ಆ ಸುತ್ತಿಗೆ ಮುಚ್ಚಿದಂತೆ. ಮಗ್ಗಿ ಬಾರದ ಮಗು ನಾಲ್ಕರ ಮಗ್ಗಿಯನ್ನು ತಾನಾಗಿ ಹೇಳುವುದನ್ನು ನೋಡಬೇಕಾದರೆ ಇಲ್ಲಿ ನೋಡಿ. ಒಂದು ಸುತ್ತು ಏಕ್, ದೋನ್, ತೀನ್, ಚಾರ್. ಇನ್ನೊಂದು ಸುತ್ತು ಒಂಜಿ, ರಡ್ಡ್, ಮೂಜಿ, ನಾಲ್. ಮಗುವಿನ ಸರದಿಯಲ್ಲಿ ಒನ್ನ್, ರಂಡ್, ಮೂನ್ನ್. ಅಜ್ಜಿಯೂ ಹೊಸತೊಂದು ಕಲಿಯಲಿ. ಸಪ್ತಭಾಷೆಗಳ ನಾಡು ಎಂದು ಭಾಷಣಗಳಲ್ಲಿ ಹೇಳಿಕೊಳ್ಳುತ್ತೇವೆ. ಅದು ಮನೆಯ ಜಗಲಿಯಲ್ಲೂ ಕೇಳಿಸಲಿ.

ಸೋಲುವುದೂ ಆಟವೇ

ಚೆನ್ನೆಯನ್ನು ಆಟಿ ತಿಂಗಳಲ್ಲಿ ಮಾತ್ರ ಆಡಬೇಕು, ಒಡಹುಟ್ಟಿದವರು ಎದುರುಬದುರು ಕುಳಿತು ಆಡಬಾರದು ಎಂಬ ಮಾತು ತುಳುನಾಡಿನಲ್ಲಿ ಹಳೆಯದು. ಅದರ ಹಿಂದೆ ಒಂದು ಕಥೆಯಿದೆ. ತುಳುವಿನ ಸಿರಿ ಪಾಡ್ದನದಲ್ಲಿ ಅಬ್ಬಗ-ದಾರಗ ಎಂಬ ಅವಳಿ ಅಕ್ಕತಂಗಿಯರು ಬರುತ್ತಾರೆ. ಹೆತ್ತವರು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಅವರು ಚೆನ್ನೆಯಾಡಲು ಕೂರುತ್ತಾರೆ. ಸೋಲು-ಗೆಲುವಿನ ಜಗಳ ಬೆಳೆದು ಒಬ್ಬಳು ಚೆನ್ನೆಮಣೆಯಿಂದಲೇ ಇನ್ನೊಬ್ಬಳಿಗೆ ಹೊಡೆಯುತ್ತಾಳೆ. ಅವಳು ಸಾಯುತ್ತಾಳೆ; ಹೊಡೆದವಳು ಬಾವಿಗೆ ಹಾರುತ್ತಾಳೆ. ಗೋಪಾಲ ನಾಯ್ಕರು ಹಾಡಿದ ಈ ಸಿರಿ ಕಾವ್ಯದ 15,683 ಸಾಲುಗಳು 1998ರಲ್ಲಿ ಫಿನ್ಲೆಂಡಿನಲ್ಲಿ ಪುಸ್ತಕವಾಗಿ ಪ್ರಕಟವಾದವು.

ಅಕ್ಕತಂಗಿಯರು ಆಡಬಾರದೆಂದು ನಾನು ಹೇಳುವುದಿಲ್ಲ. ಆದರೆ ಆಟದ ಸೋಲು ಎಂಬುದು ಮಕ್ಕಳಿಗೆ ಎಷ್ಟು ದೊಡ್ಡದು ಎಂಬುದನ್ನು ಆ ಕಥೆ ಕಟ್ಟಿದವರು ಚೆನ್ನಾಗಿ ತಿಳಿದಿದ್ದರು. ಮೊಬೈಲಿನ ಆಟದಲ್ಲಿ ಸೋತ ಮಗು ಬೆರಳಿನಿಂದ ಒಮ್ಮೆ ಒತ್ತಿದರೆ ಆಟ ಹೊಸದಾಗಿ ಶುರುವಾಗುತ್ತದೆ, ಸೋಲಿಗೆ ಸಾಕ್ಷಿಯೇ ಇಲ್ಲ. ಇಲ್ಲಿಯಾದರೋ ಗೆದ್ದವಳು ಎದುರಿಗೇ ಕುಳಿತು ನಗುತ್ತಿರುತ್ತಾಳೆ. ಬೀಜಗಳನ್ನು ಚೆಲ್ಲಿ ಎದ್ದುಹೋಗುವ ಮಕ್ಕಳೂ ಇರುತ್ತಾರೆ. ಗದರಿಸಬೇಡಿ, ಹಾಗೆಂದು ಮಗು ಅಳುತ್ತದೆಂದು ಪ್ರತಿಸಲ ಬೇಕೆಂದೇ ಸೋಲಲೂ ಬೇಡಿ. ಆರು ವರ್ಷದವರಿಗೂ ಅದು ಗೊತ್ತಾಗುತ್ತದೆ. ನನಗೆ ಸರಿಯೆನಿಸಿದ ಉಪಾಯವೆಂದರೆ ಚಿಕ್ಕವರಿಗೆ ಮೊದಲೇ ಎಲ್ಲರೆದುರು ನಾಲ್ಕು ಕಾಯಿ ಹೆಚ್ಚು ಕೊಟ್ಟು, ಆಮೇಲೆ ನಿಜವಾಗಿಯೇ ಆಡುವುದು. ಚೆಲ್ಲಿದ ಬೀಜಗಳನ್ನು ಮಾತ್ರ ಚೆಲ್ಲಿದವರೇ ಹೆಕ್ಕಲಿ.

ಇನ್ನೂ ಕೆಲವು

ನಾಲ್ಕು ಜನ ಸೇರಿದರೆ ಚೌಕಾಬಾರ. ಸೀಮೆಸುಣ್ಣದಿಂದ ನೆಲದ ಮೇಲೆ ಅಡ್ಡ ಐದು, ಉದ್ದ ಐದರಂತೆ 25 ಮನೆ ಬರೆಯಿರಿ. ನಾಲ್ಕು ಬದಿಗಳ ನಡುಮನೆಗೂ ಕೇಂದ್ರದ ಮನೆಗೂ ಗುಣಾಕಾರದ ಗುರುತು ಹಾಕಿ, ಅವು ಕಟ್ಟೆಗಳು. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜಗಳ ಒಂದು ಬದಿಯನ್ನು ಸಿಮೆಂಟು ಮೆಟ್ಟಲಿಗೆ ಬಿಳಿ ಕಾಣುವ ತನಕ ಉಜ್ಜಿ. (ಮಳೆಗಾಲದ ಒಂದು ಗಂಟೆ ಇದರಲ್ಲೇ ಕಳೆಯುತ್ತದೆ.) ಬಿಳಿ ಎಷ್ಟು ಮೇಲೆ ಬಿತ್ತೋ ಅಷ್ಟು ಮನೆ ನಡೆ, ನಾಲ್ಕೂ ಕಪ್ಪಾದರೆ ಎಂಟು. ನಾಲ್ಕು ಅಥವಾ ಎಂಟು ಬಿದ್ದವರಿಗೆ ಮತ್ತೊಂದು ಎಸೆತ. ಪ್ರತಿಯೊಬ್ಬರಿಗೆ ನಾಲ್ಕು ಕಾಯಿ: ಒಬ್ಬರಿಗೆ ಅಂಗಿಯ ಗುಂಡಿ, ಒಬ್ಬರಿಗೆ ಬಳೆಚೂರು, ಒಬ್ಬರಿಗೆ ಕಡಲೆ, ಇನ್ನೊಬ್ಬರಿಗೆ ಕಲ್ಲು. ತಮ್ಮ ಕಟ್ಟೆಯಿಂದ ಹೊರಟು ಹೊರಸುತ್ತಿನ 16 ಮನೆಗಳನ್ನು ಎಡಸುತ್ತಾಗಿ, ಒಳಸುತ್ತಿನ ಎಂಟನ್ನು ಬಲಸುತ್ತಾಗಿ ದಾಟಿ ಕೇಂದ್ರ ಸೇರಬೇಕು. ದಾರಿಯಲ್ಲಿ ಇನ್ನೊಬ್ಬರ ಕಾಯಿ ಇರುವ ಮನೆಗೆ ಬಂದರೆ ಅದನ್ನು ಕಡಿಯಬಹುದು, ಕಟ್ಟೆಯಲ್ಲಿ ಕಡಿಯುವಂತಿಲ್ಲ. ಒಂದನ್ನಾದರೂ ಕಡಿಯದವರಿಗೆ ಒಳಸುತ್ತಿಗೆ ಪ್ರವೇಶವಿಲ್ಲ.

ಹೈಸ್ಕೂಲು ಮಕ್ಕಳಿಗೆ ಇದರಲ್ಲೇ ಒಂದು ಪಾಠವಿದೆ. ಬೀಜ ಎರಡೂ ಕಡೆಗೆ ಸಮನಾಗಿ ಬೀಳುವುದಾದರೆ ನಾಲ್ಕು ಬೀಜ ಬೀಳಬಹುದಾದ ಬಗೆಗಳು ಒಟ್ಟು 16. ಅವುಗಳಲ್ಲಿ ಎರಡು ಬರುವ ಬಗೆ ಆರು, ಒಂದು ಮತ್ತು ಮೂರಕ್ಕೆ ನಾಲ್ಕು ನಾಲ್ಕು, ನಾಲ್ಕಕ್ಕೂ ಎಂಟಕ್ಕೂ ಒಂದೊಂದೇ. ಅಂದರೆ ನೂರು ಸಲ ಎಸೆದರೆ ಎರಡು ಸುಮಾರು 37 ಸಲ, ಎಂಟು ಸುಮಾರು ಆರು ಸಲ. ಆದರೆ ಮಕ್ಕಳು ಉಜ್ಜಿದ ಬೀಜ ಸಮನಾಗಿರುವುದಿಲ್ಲ. ನೂರು ಸಲ ಎಸೆದು ಬರೆದಿಡಲು ಹೇಳಿ. ತಮ್ಮ ಬೀಜ ಎತ್ತ ವಾಲುತ್ತದೆ ಎಂದು ಅವರೇ ಕಂಡುಹಿಡಿಯುತ್ತಾರೆ.

ಹಿಡಿಸೂಡಿಯಿಂದ ಇಪ್ಪತ್ತು ಕಡ್ಡಿ ತೆಗೆದು (ಅಮ್ಮನನ್ನು ಕೇಳಿಯೇ!) ಒಂದು ಗೇಣಿಗೆ ಕತ್ತರಿಸಿ, ಚೂಪಾದ ತುದಿ ಇರದಂತೆ ನೋಡಿಕೊಳ್ಳಿ. ಮುಷ್ಟಿಯಲ್ಲಿ ನೆಟ್ಟಗೆ ಹಿಡಿದು ಕೈ ಬಿಡಿ. ರಾಶಿ ಬಿದ್ದ ಕಡ್ಡಿಗಳನ್ನು ಬೇರೆ ಯಾವುದೂ ಅಲುಗದಂತೆ ಒಂದೊಂದಾಗಿ ಎತ್ತಬೇಕು. ಅಲುಗಿತೋ, ಸರದಿ ಹೋಯಿತು. ಒಂದೆರಡು ಕಡ್ಡಿಗೆ ಅರಸಿನ ಹಚ್ಚಿ ಹೆಚ್ಚು ಅಂಕ ಇಡಬಹುದು. ಮನೆಯ ಅತಿ ತುಂಟ ಮಗು ಉಸಿರು ಬಿಗಿಹಿಡಿದು ಕೂರುವ ಆಟ ಇದೊಂದೇ ಇರಬೇಕು.

ಎರಡು ಬೆಂಕಿಪೆಟ್ಟಿಗೆಗಳ ಒಳಡಬ್ಬಿಗೆ, ಇಲ್ಲವೇ ಎರಡು ಕಾಗದದ ಲೋಟಗಳಿಗೆ, ತಳದಲ್ಲಿ ಸಣ್ಣ ತೂತು ಮಾಡಿ ಹತ್ತು ಮಾರು ಹೊಲಿಗೆ ನೂಲು ಪೋಣಿಸಿ. ನೂಲು ಜಾರದಂತೆ ಒಳಗೆ ಕಡ್ಡಿಚೂರಿಗೆ ಗಂಟು ಹಾಕಿ. ನೂಲು ಬಿಗಿಯಾಗಿದ್ದರೆ ಒಬ್ಬರು ಪಿಸುಗುಟ್ಟಿದ್ದು ಇನ್ನೊಬ್ಬರಿಗೆ ಕೇಳಿಸುತ್ತದೆ. ನಡುವೆ ಯಾರಾದರೂ ನೂಲನ್ನು ಹಿಡಿದರೆ, ಅಥವಾ ನೂಲು ಬಾಗಿಲಿನ ಮೂಲೆಗೆ ತಾಗಿದರೆ ಮಾತು ಕಟ್. ಯಾಕೆ ಎಂದು ಮಕ್ಕಳನ್ನೇ ಕೇಳಿ. ಮಾತು ನೂಲಿನ ಅದುರುವಿಕೆಯಾಗಿ ಸಾಗುತ್ತದೆ ಎಂಬುದನ್ನು ಬೆರಳಿಗೇ ತಿಳಿಸಿಕೊಡಬಹುದು.

ಐದು ಕಲ್ಲುಗಳ ಕಲ್ಲಾಟ (ಪಕ್ಕದ ಮನೆಯ ಮಲಯಾಳಿ ಮಕ್ಕಳಿಗೆ ಇದು ಕೊತ್ತಂಕಲ್ಲ್) ಎಲ್ಲರಿಗೂ ಗೊತ್ತಿದ್ದದ್ದೇ. ಮಳೆ ಬಿಟ್ಟೊಡನೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆ ಇದ್ದೇ ಇದೆ: ಒಬ್ಬರು ಹಾಳೆಯಲ್ಲಿ ಕೂರುವುದು, ಇನ್ನೊಬ್ಬರು ಸೋಗೆ ಹಿಡಿದು ಎಳೆಯುವುದು. ಅಂಗಿ-ಚಡ್ಡಿಯ ಕೆಸರಿನ ಬಗ್ಗೆ ಮಾತ್ರ ಆ ದಿನ ಸುಮ್ಮನಿರಬೇಕು.

ಸ್ವಲ್ಪ ಜಾಗ್ರತೆ

ಚೆನ್ನೆಗೆ ಕೆಂಪು ಮಂಜೊಟ್ಟಿ ಬೀಜ ಹೆಕ್ಕಿ ತರುವ ಮಕ್ಕಳು ಗುಲಗಂಜಿಯನ್ನೂ ತರುವುದುಂಟು. ಮಂಜೊಟ್ಟಿ ತುಸು ದೊಡ್ಡದು, ಪೂರ್ತಿ ಕೆಂಪು. ಗುಲಗಂಜಿ ಸಣ್ಣದು, ಕೆಂಪಿಗೆ ಕಪ್ಪು ಕಣ್ಣು. ಗುಲಗಂಜಿಯ ಒಳತಿರುಳು ಕಡು ವಿಷ. ಜಗಿದರೆ, ಒಡೆದದ್ದನ್ನು ನುಂಗಿದರೆ ಪ್ರಾಣಕ್ಕೇ ಅಪಾಯ. ಆಟಕ್ಕೆ ಅದು ಬೇಡವೇ ಬೇಡ. ಹಳೆಯ ರಿಮೋಟು, ಕೈಗಡಿಯಾರಗಳ ಬಿಲ್ಲೆ ಬ್ಯಾಟರಿಯನ್ನು ಕಾಯಿಯಾಗಿ ಕೊಡಬೇಡಿ. ನುಂಗಿದರೆ ಅದು ಕೆಲವೇ ಗಂಟೆಗಳಲ್ಲಿ ಗಂಟಲನ್ನು ಒಳಗಿಂದ ಸುಡುತ್ತದೆ. ಇವೆರಡರಲ್ಲಿ ಯಾವುದನ್ನು ನುಂಗಿದ ಸಂಶಯ ಬಂದರೂ ಮನೆಮದ್ದು ಮಾಡುತ್ತ ಕೂರದೆ ಒಡನೆ ಆಸ್ಪತ್ರೆಗೆ ಹೋಗಿ. ಮೂರು ವರ್ಷದೊಳಗಿನ ಮಕ್ಕಳು ಯಾವ ಬೀಜ ಸಿಕ್ಕಿದರೂ ಬಾಯಿಗೆ, ಮೂಗಿಗೆ ತುರುಕಿಕೊಳ್ಳುತ್ತಾರೆ. ಅವರ ಕೈಗೆ ಗೆರಟೆ, ಸೌಟು, ಖಾಲಿ ಡಬ್ಬ ಕೊಟ್ಟು ಬಡಿಯಲು ಬಿಡಿ.

ಆಟ ಮುಗಿದ ಮೇಲೆ ಬೀಜಗಳನ್ನು ಎಣಿಸಿಯೇ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯಿರಿ. 56 ಇರಬೇಕು. 55 ಇದ್ದರೆ ಮೊದಲು ಮನೆಯ ಪುಟ್ಟ ಮಗುವಿನ ಬಾಯಿ ನೋಡಿ, ಆಮೇಲೆ ಬೆಂಚಿನಡಿ ಹುಡುಕಿ.