ಒಲೆಯ ಬಿಸುಪು, ಹಗೇವಿನ ತಂಪು: ಕೊಪ್ಪಳ ಸೀಮೆಯ ವಿದ್ಯುತ್ ಪೆಟ್ಟಿಗೆಗಳು ಮತ್ತು ಜನಪದರ ತಾಪಜ್ಞಾನ

ಜನಪದ ತಂತ್ರಜ್ಞಾನವೆಂದೊಡನೆ ನೇಗಿಲು, ಕೂರಿಗೆ, ಕಪಿಲೆ, ಗಾಣಗಳ ಕಡೆಗೆ ವಿದ್ವಾಂಸರ ಗಮನ ಹರಿಯುವುದು ಸಹಜ. ಹೊಲದ ಬದುವಿನಲ್ಲಿ ನಿಂತ ತಗಡಿನ ಸ್ಟಾರ್ಟರ್ ಪೆಟ್ಟಿಗೆ ಮಾತ್ರ ಆಧುನಿಕವೆಂಬ ಕಾರಣಕ್ಕೇ ನಮ್ಮ ಕ್ಷೇತ್ರಕಾರ್ಯದ ಪರಿಧಿಯ ಹೊರಗುಳಿದಿದೆ. ಆದರೆ ಈ ಪೆಟ್ಟಿಗೆಯನ್ನು ಬೇಸಿಗೆಯ ಉರಿಯಿಂದಲೂ ಮಳೆಗಾಲದ ತೇವದಿಂದಲೂ ಕಾಪಾಡಲು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ರೈತರು ಹೂಡುವ ಉಪಾಯಗಳು ಮನೆ, ಒಲೆ, ಹಗೇವುಗಳ ತಿಳಿವಳಿಕೆಯ ಮುಂದುವರಿಕೆಯಂತಿವೆ. ಅವುಗಳಲ್ಲಿ ಯಾವುದು ಏಕೆ ಫಲಿಸುತ್ತದೆ, ಯಾವುದು ಜೀವಕ್ಕೇ ಸಂಚಕಾರ ತರುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆ ರೂಪುಗೊಂಡಾಗ ಇದ್ದವು ಈ ನಾಲ್ಕು ತಾಲೂಕುಗಳೇ. ಕುಕನೂರು, ಕಾರಟಗಿ, ಕನಕಗಿರಿ ತಾಲೂಕುಗಳು ಅನಂತರದವು. ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆಯು ಗಂಗಾವತಿಯ ಸುತ್ತನ್ನು ಭತ್ತದ ಕಣಜವಾಗಿಸಿದೆ. ಅಲ್ಲಿನ ಪೆಟ್ಟಿಗೆಗಳಿಗೆ ಗದ್ದೆಯ ತೇವ ಒಂದೆಡೆ, ಅಕ್ಕಿ ಗಿರಣಿಯ ಹೊಟ್ಟು ಮತ್ತು ತೌಡಿನ ಧೂಳು ಇನ್ನೊಂದೆಡೆ. ಯಲಬುರ್ಗಾದ ಎರೆ ಹೊಲಗಳಿಗೂ ಕುಷ್ಟಗಿಯ ಮಸಾರಿ ಹೊಲಗಳಿಗೂ ಮಳೆ ಮತ್ತು ಕೊಳವೆಬಾವಿಗಳೇ ಗತಿ; ಅಲ್ಲಿ ಬಿಸಿಲೇ ದೊಡ್ಡ ಶತ್ರು. ವಿದ್ಯುತ್ ಫಲಕಗಳ ಮಾನಕಗಳು ಸುತ್ತಲಿನ ಗಾಳಿಯ ತಾಪ ಗರಿಷ್ಠ 40 ಡಿಗ್ರಿ ಸೆಲ್ಸಿಯಸ್, ದಿನದ ಸರಾಸರಿ 35 ಡಿಗ್ರಿ ಎಂದು ಗ್ರಹಿಸಿಕೊಂಡೇ ರಚಿತವಾದವು. ಏಪ್ರಿಲ್‌–ಮೇ ತಿಂಗಳಲ್ಲಿ ಈ ಸೀಮೆಯ ನೆರಳೇ ಆ ಮಿತಿಯನ್ನು ಮುಟ್ಟುತ್ತದೆ. ಬಿಸಿಲಿಗೆ ಒಡ್ಡಿದ ಬೂದುಬಣ್ಣದ ತಗಡಿನ ಒಳಗಿನ ಪಾಡನ್ನು ಹೇಳಬೇಕಾಗಿಲ್ಲ.

ಕಾವಿನಿಂದಾಗುವ ಹಾನಿ ಎರಡು ಬಗೆಯದು. ನಿರೋಧಕದ ತಾಪ 10 ಡಿಗ್ರಿ ಏರಿದರೆ ಅದರ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆಂಬುದು ತಂತ್ರಜ್ಞರ ರೂಢಿಯ ಲೆಕ್ಕ. ಎರಡನೆಯದು ಹೆಚ್ಚು ಸ್ವಾರಸ್ಯಕರ. ಸ್ಟಾರ್ಟರಿನ ಓವರ್‌ಲೋಡ್ ರಿಲೇಯೊಳಗೆ ಎರಡು ಲೋಹಗಳ ಪಟ್ಟಿಯಿದ್ದು, ವಿದ್ಯುತ್ ಪ್ರವಾಹದ ಕಾವಿಗೆ ಅದು ಬಾಗಿ ಮೋಟರನ್ನು ನಿಲ್ಲಿಸುತ್ತದೆ. ಪೆಟ್ಟಿಗೆಯೇ ಕಾದಿದ್ದರೆ ಪಟ್ಟಿ ಅರ್ಧ ದಾರಿ ಮೊದಲೇ ಬಾಗಿರುತ್ತದೆ. ಸುತ್ತಲಿನ ತಾಪವನ್ನು ಸರಿದೂಗಿಸುವ ವ್ಯವಸ್ಥೆ ಇಲ್ಲದ ರಿಲೇಗಳಲ್ಲಿ ಮೋಟರು ಕಾರಣವಿಲ್ಲದೆ ಮತ್ತೆ ಮತ್ತೆ ನಿಲ್ಲುತ್ತದೆ. ಬೆಳೆ ಬಾಡುತ್ತಿರುವಾಗ ರೈತ ರಿಲೇಯನ್ನೇ ತಪ್ಪಿಸಿ ತಂತಿ ಜೋಡಿಸುತ್ತಾನೆ. ಮುಂದೆ ನಿಜವಾದ ಅತಿಭಾರ ಬಂದ ದಿನ ಮೋಟರು ಸುಟ್ಟುಹೋಗುತ್ತದೆ. ಇದನ್ನು ರೈತನ ಅಜ್ಞಾನವೆಂದು ಬರೆಯುವವರು ಪೆಟ್ಟಿಗೆಯನ್ನು ನಡುಹಗಲಲ್ಲಿ ಒಮ್ಮೆ ಮುಟ್ಟಿ ನೋಡಬೇಕು.

ಮಳೆಗಾಲದ ಸಮಸ್ಯೆ ಇದಕ್ಕೆ ವಿರುದ್ಧವಾದುದು. ಹಗಲು ಕಾದ ಗಾಳಿ ಹಿಗ್ಗಿ ಸಂದುಗಳಿಂದ ಹೊರಹೋಗುತ್ತದೆ. ರಾತ್ರಿ ಪೆಟ್ಟಿಗೆ ತಣಿದಾಗ ತೇವದ ಗಾಳಿ ಒಳಸೇರುತ್ತದೆ. ನಸುಕಿನಲ್ಲಿ ತಗಡು ಒಳಗಾಳಿಗಿಂತ ಬೇಗ ತಣಿದು, ಅದರ ಒಳಮೈಯಲ್ಲಿ ಹನಿಗಳು ಮೂಡುತ್ತವೆ. ಜನರ ಮಾತಿನಲ್ಲಿ ಇದು ಪೆಟ್ಟಿಗೆಯ ‘ಬೆವರು’. ಐಪಿ 54 ಎಂದು ಮುದ್ರೆಯೊತ್ತಿದ ಪೆಟ್ಟಿಗೆ ಧೂಳನ್ನೂ ಸಿಡಿಯುವ ನೀರನ್ನೂ ತಡೆಯಬಲ್ಲದೇ ಹೊರತು ಈ ಉಸಿರಾಟವನ್ನು ತಡೆಯಲಾರದು. ಹನಿಗೆ ಧೂಳು ಸೇರಿದಾಗ ಅದರ ಮೂಲಕವೇ ವಿದ್ಯುತ್ತು ಹರಿಯಲಾರಂಭಿಸುತ್ತದೆ.

ಇದೇ ನೆಲದ ಹಗೇವಿನೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ನೆಲದಾಳದಲ್ಲಿ ಹಗಲಿರುಳ ತಾಪದ ಏರಿಳಿತ ತಾಕುವುದಿಲ್ಲ. ಆದ್ದರಿಂದ ಹುಲ್ಲು ಹಾಸಿ, ಬಾಯಿಗೆ ಮಣ್ಣು ಮೆತ್ತಿದ ಹಗೇವಿನಲ್ಲಿ ಜೋಳ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ತೆರೆದೊಡನೆ ಇಳಿಯದೆ ಮೊದಲು ದೀಪ ಇಳಿಸಿ ನೋಡುವ ಎಚ್ಚರವೂ ಜನರಲ್ಲಿತ್ತು. ಸ್ಥಿರವಾದ ತಾಪವಿದ್ದಲ್ಲಿ ಮುಚ್ಚುವಿಕೆ ಹಿತ. ತಾಪ ಏರಿಳಿಯುವ ತೆಳುತಗಡಿಗೆ ಅದೇ ಮುಚ್ಚುವಿಕೆ ತೇವದ ಬಲೆಯಾಗುತ್ತದೆ. ಪೆಟ್ಟಿಗೆಯ ಸಂದುಗಳನ್ನೆಲ್ಲ ಎಂಸೀಲಿನಿಂದ ಮುಚ್ಚುವವರು, ತಿಳಿಯದೆಯೇ, ಹಗೇವಿನ ನ್ಯಾಯವನ್ನು ಸಲ್ಲದ ಕಡೆ ಅನ್ವಯಿಸುತ್ತಿದ್ದಾರೆ. ಇಲ್ಲಿ ಬೇಕಾದುದು ನೀರು ಬಸಿದುಹೋಗಲು ತಳದಲ್ಲೊಂದು ಸಣ್ಣ ರಂಧ್ರ, ಹಲ್ಲಿ–ಇರುವೆ ಬಾರದಂತೆ ಅದಕ್ಕೊಂದು ಜಾಲರಿ.

ಮಳೆಗಾಲಕ್ಕೆ ಸಲ್ಲುವ ನ್ಯಾಯ ಒಲೆಯದು. ಬೀಜದ ತೆನೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ತೂಗುಹಾಕುವುದು, ಉಪ್ಪಿನ ಗಡಿಗೆಯನ್ನು ಒಲೆಯ ಮಗ್ಗುಲಲ್ಲಿಡುವುದು ಪರಿಚಿತ ರೂಢಿ. ಗಾಳಿಯಲ್ಲಿನ ನೀರನ್ನು ಒಲೆ ತೆಗೆದುಹಾಕುವುದಿಲ್ಲ. ಗಾಳಿ ಸುಮಾರು 10 ಡಿಗ್ರಿ ಕಾದರೆ ಅದರ ಸಾಪೇಕ್ಷ ಆರ್ದ್ರತೆ ಹೆಚ್ಚುಕಡಿಮೆ ಅರ್ಧಕ್ಕಿಳಿದು, ಹನಿಗಟ್ಟುವುದು ತಪ್ಪುತ್ತದೆ, ಅಷ್ಟೆ. ಕಾರ್ಖಾನೆಗಳ ಫಲಕಗಳಲ್ಲಿ ಥರ್ಮೋಸ್ಟಾಟಿನೊಡನೆ ಅಳವಡಿಸುವ ಸ್ಪೇಸ್ ಹೀಟರ್ ಮಾಡುವುದೂ ಇದನ್ನೇ. ಮಳೆಗಾಲದಲ್ಲಿ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಬುರುಡೆ ಬಲ್ಬೊಂದನ್ನು ಉರಿಯಲು ಬಿಡುವ ಉಪಾಯ ಈ ಹೀಟರಿನ ಬಡವರ ರೂಪ. ಮೋಟರು ಸುತ್ತುವ ಅಂಗಡಿಗಳಲ್ಲಿ ವಾರ್ನಿಷ್ ಬಳಿದ ಸುರುಳಿಯನ್ನು ಬಲ್ಬುಗಳ ಕಾವಿನಲ್ಲಿ ಒಣಗಿಸುವುದೂ ಇದರ ಬಳಗಕ್ಕೇ ಸೇರಿದ್ದು. ಬಲ್ಬು ತಂತಿಯ ಹೊದಿಕೆಗೆ ತಾಕದಂತಿರಬೇಕೆಂಬುದೊಂದೇ ಷರತ್ತು.

ಬೇಸಿಗೆಯ ಉಪಾಯಗಳಿಗೆ ಮೇಲ್ಮುದ್ದೆಯ ಮನೆ ಮಾದರಿ. ದಪ್ಪ ಮಣ್ಣಿನ ಮಾಳಿಗೆ ಬಿಸಿಲನ್ನು ತಡೆದರೆ ಬೆಳಕಿಂಡಿ ಮೇಲೇರಿದ ಬಿಸಿಗಾಳಿಯನ್ನು ಹೊರಬಿಡುತ್ತದೆ. ಪೆಟ್ಟಿಗೆಯನ್ನು ಬೇವಿನ ನೆರಳಿಗೆ ಸರಿಸುವುದು, ಮುಖವನ್ನು ಉತ್ತರಕ್ಕೆ ತಿರುಗಿಸುವುದು, ಮೇಲೆ ಗೇಣಗಲ ಸಂದು ಬಿಟ್ಟು ಗರಿಯ ಮಾಡು ಹಾಕುವುದು ಇವೆಲ್ಲ ನಿರಪಾಯಕರ ಮಾತ್ರವಲ್ಲ, ತಂತ್ರಜ್ಞರೂ ಶಿಫಾರಸು ಮಾಡುವಂಥವು. ಮಾಡಿಗೂ ಪೆಟ್ಟಿಗೆಗೂ ನಡುವಿನ ಗಾಳಿಯೇ ಇಲ್ಲಿ ಮುಖ್ಯ. ಗರಿಯನ್ನು ತಗಡಿಗೇ ಒತ್ತಿ ಕಟ್ಟಿದರೆ ಪ್ರಯೋಜನ ಅರ್ಧವಾಗುತ್ತದೆ.

ಒದ್ದೆ ಗೋಣಿಚೀಲ ಹೊದಿಸುವುದು ಮಾತ್ರ ಬೇರೆಯೇ ಸಂಗತಿ. ನೀರಿನ ಗಡಿಗೆಗೆ ಹಸಿಬಟ್ಟೆ ಸುತ್ತಿ ತಂಪಾಗಿಸುವ ಕ್ರಮವೇ ಅದರ ಮೂಲ. ಒಣಹವೆಯಲ್ಲಿ ಅದು ತಗಡನ್ನು ತಣಿಸುತ್ತದೆ ಎಂಬುದೂ ನಿಜ. ಆದರೆ ಕೇಬಲಿನ ಸಂದಿನಿಂದ ಇಳಿದ ನೀರು ವಿದ್ಯುತ್ತನ್ನು ತಗಡಿಗೆ ತರಬಲ್ಲದು. ಅದನ್ನು ನೆಲಕ್ಕೆ ಸಾಗಿಸಬೇಕಾದ ಅರ್ಥಿಂಗ್ ಗುಂಡಿ ಅದೇ ಏಪ್ರಿಲ್ ತಿಂಗಳಲ್ಲಿ ಒಣಗಿ ದುರ್ಬಲವಾಗಿರುತ್ತದೆ. ಗೋಣಿ ಒದ್ದೆಯಾಗಿರುವ ದಿನಗಳೇ ಗುಂಡಿ ಒಣಗಿರುವ ದಿನಗಳು. ಪೆಟ್ಟಿಗೆ ಮುಟ್ಟಿದವನ ದೇಹವೇ ಆಗ ದಾರಿಯಾಗುತ್ತದೆ. ಗೋಣಿಗೆ ಸುರಿಯುವ ಕೊಡ ನೀರನ್ನು ಇದ್ದಿಲು–ಉಪ್ಪು ತುಂಬಿದ ಗುಂಡಿಗೆ ಸುರಿಯುವುದು ಸರಿಯಾದ ಕ್ರಮ. ಜನಪದರ ಜಾಣ್ಮೆಯೆಂದು ಎಲ್ಲವನ್ನೂ ಒಂದೇ ಸಮನೆ ಕೊಂಡಾಡುವ ನಮ್ಮ ಬರವಣಿಗೆಯ ರೂಢಿ ಇಂಥಲ್ಲಿ ಅಪಾಯಕಾರಿ.

ಮಹಾನವಮಿಯ ಖಂಡೇಪೂಜೆಯಲ್ಲಿ ಪೆಟ್ಟಿಗೆಯನ್ನು ಒರೆಸಿ ವಿಭೂತಿ–ಕುಂಕುಮ ಹಚ್ಚುವ ಆಚರಣೆಗೂ ಒಂದು ಉಪಯುಕ್ತ ಮುಖವಿದೆ. ಹಸ್ತಾ–ಚಿತ್ತಾ ಮಳೆಗಳ ನಡುವೆ ಬರುವ ಈ ದಿನ, ತೇವಕ್ಕೆ ಜೊತೆಯಾಗಬಹುದಾದ ವರ್ಷದ ಧೂಳು ಹೊರಬೀಳುತ್ತದೆ. ಹೀಗೆ ಒರೆಸುವಾಗ ಮೇನ್ ತೆಗೆದಿರಬೇಕೆಂಬುದು ಬೇರೆ ಮಾತು.

2015ರಿಂದ ಉಜಾಲಾ ಯೋಜನೆಯ ಮೂಲಕ ಎಲ್‌ಇಡಿ ಬಲ್ಬುಗಳು ಹಳ್ಳಿಗಳಲ್ಲಿ ಹಬ್ಬಿದವು. 60 ವ್ಯಾಟಿನ ಬುರುಡೆ ಬಲ್ಬು ತಾನು ಬಳಸುವ ವಿದ್ಯುತ್ತಿನ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚನ್ನು ಶಾಖವಾಗಿಯೇ ಕೊಡುತ್ತಿತ್ತು. ಬೆಳಕಿನ ಲೆಕ್ಕದಲ್ಲಿ ನಷ್ಟವಾಗಿದ್ದುದೇ ಪೆಟ್ಟಿಗೆಗೆ ಲಾಭ. 9 ವ್ಯಾಟಿನ ಎಲ್‌ಇಡಿ ಆ ಕೆಲಸಕ್ಕೆ ಬಾರದು. ಅದರ ಸ್ಥಾನವನ್ನು ಸ್ಪೇಸ್ ಹೀಟರ್ ತುಂಬಬಲ್ಲದಾದರೂ ಪಂಪ್‌ಸೆಟ್ಟಿನ ಮಾರ್ಗದಲ್ಲಿ ವಿದ್ಯುತ್ತು ದಿನಕ್ಕೆ ಕೆಲವೇ ತಾಸು. ಪೆಟ್ಟಿಗೆ ಬೆವರುವ ನಸುಕಿನ ಹೊತ್ತಿಗೆ ಮಾರ್ಗ ಸತ್ತಿದ್ದರೆ ಹೀಟರೂ ತಣ್ಣಗೇ ಇರುತ್ತದೆ. ಅಂಥ ಹೊಲಗಳಲ್ಲಿ ಗರಿಯ ಮಾಡು, ತಳದ ರಂಧ್ರ ಮತ್ತು ಟ್ರಾನ್ಸ್‌ಫಾರ್ಮರಿನ ಬ್ರೀದರಿನಲ್ಲಿ ಕಾಣುವ, ತೇವ ಹೀರಿ ನೀಲಿಯಿಂದ ಗುಲಾಬಿಗೆ ತಿರುಗುವ ಸಿಲಿಕಾ ಜೆಲ್ಲಿನ ಒಂದು ಸಣ್ಣ ಚೀಲ, ಇಷ್ಟೇ ಸದ್ಯ ಕೈಗೆಟಕುವ ಸಾಧನಗಳು. ಗುಲಾಬಿಗೆ ತಿರುಗಿದ ಜೆಲ್ಲನ್ನು ಒಲೆಯ ಕಾವಿಗೆ ಹಿಡಿದು ಒಣಗಿಸಿದರೆ ಮತ್ತೆ ಬಳಕೆಗೆ ಬರುತ್ತದೆ.